ನಡುದಾರಿಯಲ್ಲಿ ನಿಂತ ಕೊಬ್ಬರಿ

ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ಕೊಬ್ಬರಿಯ ಚೀಲಗಳನ್ನು ಹೇರಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೊರಟ ಟ್ರಾಕ್ಟರು ನಡುದಾರಿಯಲ್ಲಿ ನಿಂತಿತೆಂದರೆ, ಒಂದು ಸಂಸಾರದ ವರ್ಷದ ಗಳಿಕೆಯೇ ಬಯಲಿನಲ್ಲಿ ನಿಂತಂತೆ.

ಉಂಡೆ ಕೊಬ್ಬರಿಗೆ ಅವಸರ ಸಲ್ಲದು. ಕಾಯಿ ಅಟ್ಟವೇರಿ, ಸಿಪ್ಪೆಯೊಡನೆಯೇ 8ರಿಂದ 12 ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದಾಗ ಗಡಗಡನೆ ಸದ್ದಾದ ಮೇಲೆಯೇ ಸುಲಿದು ಒಡೆಯುವುದು. ಇಂಥ ಸರಕಿಗೆ ದಾರಿಯಲ್ಲಿ ಒಂದು ಮಳೆ ತಗುಲಿದರೆ ಸಾಕು, ಬೂಷ್ಟು ಹಿಡಿದು ಬೆಲೆ ಬಿದ್ದುಹೋಗುತ್ತದೆ.

ತೊಂದರೆ ಕೊಡುವುದರಲ್ಲಿ ಹಿಂದಿನ ಟ್ರೇಲರಿನದೇ ಮೇಲುಗೈ. ಅಳತೆ ಮೀರಿದ ಭಾರಕ್ಕೆ ಟೈರು ಸಿಡಿಯುತ್ತದೆ. ಗ್ರೀಸು ಕಾಣದ ಬೇರಿಂಗು ಕಾದು ಚಕ್ರ ಕಚ್ಚಿಕೊಳ್ಳುತ್ತದೆ. ಇವು ಹೇಗೋ ಸಹ್ಯ. ಇಳಿಜಾರಿನಲ್ಲಿ ಕೊಂಡಿಯ ಪಿನ್ನು ಕಳಚಿದರೆ ಮಾತ್ರ ದೇವರೇ ಗತಿ. ಎಷ್ಟೋ ಟ್ರೇಲರುಗಳಿಗೆ ತಮ್ಮದೇ ಆದ ಬ್ರೇಕು ಇರುವುದಿಲ್ಲ. ಪಿನ್ನು ಜಾರದಂತೆ ಒಂದು ಕೀಲು, ಜೊತೆಗೊಂದು ಸರಪಣಿ—ಇದರ ಖರ್ಚನ್ನೂ ಉಳಿಸುವ ಜಾಣರಿದ್ದಾರೆ!

2018ರ ಕೊನೆಯಲ್ಲಿ ತಮಿಳುನಾಡಿನ ವಂದವಾಸಿಯ ಬಳಿಯಿಂದ ಬೆಂಗಳೂರಿನ ಈಜೀಪುರಕ್ಕೆ 240 ಚಕ್ರಗಳ ವಾಹನದಲ್ಲಿ ಹೊರಟ ಕೋದಂಡರಾಮನ ಏಕಶಿಲೆಯನ್ನು ವಾಚಕರು ನೆನೆಯಬಹುದು. ಟೈರುಗಳು ಸಿಡಿದು, ಹಾದಿ ಸಾಲದೆ, ಅದು ಬೆಂಗಳೂರು ಮುಟ್ಟಿದ್ದು 2019ರ ಜೂನಿನಲ್ಲಿ. ಅದು ನಿಂತಲ್ಲೆಲ್ಲ ಜನ ಕೈಮುಗಿದರು.

ಕೊಬ್ಬರಿಯ ಒಡೆಯನಿಗೆ ಆ ಭಾಗ್ಯವಿಲ್ಲ. ಮೋಡವನ್ನು ನೋಡುತ್ತ ಟಾರ್ಪಾಲು ಹೊದಿಸುತ್ತಾನೆ. ಪಕ್ಕದ ಊರಿನಿಂದ ಇನ್ನೊಂದು ಗಾಡಿ ಬಂದು, ಚೀಲಗಳನ್ನು ಬದಲಾಯಿಸಿ ತಿಪಟೂರು ತಲುಪುವಷ್ಟರಲ್ಲಿ ಅಂದಿನ ವ್ಯಾಪಾರ ಮುಗಿದಿರುತ್ತದೆ. ಉತ್ತರದೇಶಕ್ಕೆ ಹೋಗುವ ಲಾರಿಗಳು ಹೊರಟುಬಿಟ್ಟಿರುತ್ತವೆ.