ನುಂಗಿದ ಮೇಲೆ ಸಹಿ

ಮೈಸೂರಿನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಅಜ್ಜಿ ನಂಜನಗೂಡು ರಸ್ತೆ ಹಿಡಿದು ಕಡಕೊಳದಂಥ ಊರಿನ ವೃದ್ಧಾಶ್ರಮಕ್ಕೆ ಬಂದಿಳಿದರೆ ಜೊತೆಗೆ ಎರಡು ಚೀಲ ಬರುತ್ತವೆ. ಒಂದರಲ್ಲಿ ಆಸ್ಪತ್ರೆ ಬರೆದುಕೊಟ್ಟ ಹೊಸ ಮಾತ್ರೆ, ಇನ್ನೊಂದರಲ್ಲಿ ಮೊದಲಿನದು. ಅಪಾಯ ಶುರುವಾಗುವುದು ಇಲ್ಲೇ. ಒಂದೇ ಬಿಪಿ ಔಷಧಿ ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಎರಡೂ ಚೀಲದಲ್ಲಿದ್ದರೆ ಡೋಸ್ ಇಮ್ಮಡಿಯಾಗುತ್ತದೆ. ಬೆಳಗಿನ ಜಾವ ಎದ್ದವರು ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಳ್ಳಬಹುದು. ಆದ್ದರಿಂದ ಬಂದ ದಿನವೇ ಎರಡೂ ಚೀಲ ಸುರಿದು, ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನು ಚಾರ್ಟಿನಲ್ಲಿ ಬರೆದು, ಯಾವುದನ್ನು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಬೇಕು. ನಿಲ್ಲಿಸಿದ್ದು ಕಪಾಟಿನಲ್ಲಿ ಉಳಿಯಕೂಡದು.

ಎಲ್ಲ ಮಾತ್ರೆಗೂ ಗಡಿಯಾರ ಒಂದೇ ಅಲ್ಲ. ವಿಟಮಿನ್ ಒಂದು ಗಂಟೆ ತಡವಾದರೆ ನಷ್ಟವಿಲ್ಲ. ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪಾ ಹಾಗಲ್ಲ. ಅದು ಅರ್ಧ ಗಂಟೆ ಜಾರಿದರೂ ಕೆಲವರ ಕೈಕಾಲು ಸೆಟೆಯುತ್ತದೆ, ನುಂಗುವುದೇ ಕಷ್ಟವಾಗುತ್ತದೆ. ತಿಂಡಿಯ ಸರದಿ ಬರಲಿ ಎಂದು ಅವರನ್ನು ಕಾಯಿಸಬಾರದು. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಬರೀ ನೀರಿನಲ್ಲಿ. ಕಾಫಿ ಅರ್ಧದಿಂದ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚುವ ಮೊದಲು ಅಡುಗೆಮನೆಯಲ್ಲಿ ಊಟ ಸಿದ್ಧವಿದೆಯೇ ನೋಡಬೇಕು. ಚುಚ್ಚಿದ ಮೇಲೆ ಸಾರು ಕುದಿಯಲೆಂದು ಕೂತರೆ ಸಕ್ಕರೆ ಕುಸಿಯುತ್ತದೆ.

ನನಗೆ ಅತಿ ಹೆಚ್ಚು ಭಯವಿರುವುದು ಮೆಥೊಟ್ರೆಕ್ಸೇಟ್ ಬಗ್ಗೆ. ಸಂಧಿವಾತಕ್ಕೆ ಇದನ್ನು ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ದಿನವೂ ಕೊಟ್ಟರೆ ಮೂಳೆಮಜ್ಜೆ ಸೊರಗಿ ಜೀವವೇ ಹೋಗಬಹುದು. ಚಾರ್ಟಿನಲ್ಲಿ ವಾರದ ಹೆಸರು ಕೆಂಪಕ್ಷರದಲ್ಲಿರಲಿ, ಮಾತ್ರೆ ಬೇರೆ ಡಬ್ಬಿಯಲ್ಲಿ ಬೀಗದೊಳಗಿರಲಿ.

ನುಂಗಲಾಗದವರಿಗೆ ಪುಡಿಮಾಡಿ ಗಂಜಿಗೆ ಬೆರೆಸುವ ರೂಢಿಯಿದೆ. ನಿಧಾನವಾಗಿ ಕರಗುವಂತೆ ಮಾಡಿದ, ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಯನ್ನು ಪುಡಿಮಾಡಿದರೆ ದಿನದ ಔಷಧಿಯೆಲ್ಲ ಒಮ್ಮೆಗೇ ಮೈಗಿಳಿಯುತ್ತದೆ. ಸಿರಪ್ ಸಿಗುತ್ತದೆಯೇ ಎಂದು ಫಾರ್ಮಸಿಸ್ಟರನ್ನು ಕೇಳಿ. ಮೈಸೂರಿನವರಿಗೆ ಈ ಅನುಕೂಲ ಹತ್ತಿರದಲ್ಲೇ ಇದೆ: ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಿಂದಲೇ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ಔಷಧಿ ಪರಿಶೀಲಿಸುವ ಫಾರ್ಮಸಿಸ್ಟರನ್ನು ತಯಾರು ಮಾಡುತ್ತಿದೆ.

ಸ್ಟ್ರಿಪ್ಪಿನಿಂದ ತೆಗೆದವರೇ ಕೊಡಬೇಕು, ನುಂಗಿದ್ದನ್ನು ನೋಡಬೇಕು, ಆಮೇಲೆ ಸಹಿ. ಎಲ್ಲರದಕ್ಕೂ ಮುಂಚೆಯೇ ಸಹಿ ಹಾಕಿ ಹೊರಟರೆ ದಿಂಬಿನ ಕೆಳಗೆ ಉಳಿದ ಮಾತ್ರೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೇಡವೆಂದರೆ ಕಾರಣ ಬರೆಯಿರಿ. ತಪ್ಪಿದ ಡೋಸನ್ನು ಮುಂದಿನದಕ್ಕೆ ಸೇರಿಸಬೇಡಿ. ಅಡ್ಡಪರಿಣಾಮ ಕಂಡರೆ ವೈದ್ಯರಿಗೆ ತಿಳಿಸಿದ ಮೇಲೆ 1800-180-3024 ಸಹಾಯವಾಣಿಗೂ ವರದಿ ಮಾಡಬಹುದು. ತಪ್ಪು ಮಾತ್ರೆ ಕೊಟ್ಟೆನೆಂದು ಬಂದು ಹೇಳಿದ ಆಯಾಳನ್ನು ಮಾತ್ರ ಗದರಬೇಡಿ. ಯಾವ ಮಾತ್ರೆ, ಎಷ್ಟು ಹೊತ್ತಾಯಿತು ಎಂದು ಕೇಳಿ ತಕ್ಷಣ ವೈದ್ಯರಿಗೆ ಫೋನ್ ಮಾಡಿ.