ರಫ್ ಹಾಳೆ ಹರಿಯಬೇಡಿ

ಪೆಂಡುರ್ತಿಯ ಹತ್ತಿರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ವರ್ಷ ಬರವಣಿಗೆಯ ಆಂತರಿಕ ಅಂಕಗಳಿಗೆ ಕಿರುಪರೀಕ್ಷೆಯ ಬದಲು ಪೋರ್ಟ್‌ಫೋಲಿಯೊ ಇಟ್ಟೆ. ನಾಲ್ಕು ಲೇಖನ, ಪ್ರತಿಯೊಂದಕ್ಕೂ ಮೂರು ಕರಡು, ಎಲ್ಲಕ್ಕೂ ಮುಂದೆ ಏನು ಬದಲಿಸಿದೆ, ಏಕೆ ಬದಲಿಸಿದೆ ಎಂದು ಹೇಳುವ ಒಂದು ಪತ್ರ.

ಅರವತ್ತು ಫೈಲು ಬಂದವು. ಎಲ್ಲವೂ ಲ್ಯಾಬ್ ರೆಕಾರ್ಡಿನಷ್ಟು ಅಚ್ಚುಕಟ್ಟು. ಹತ್ತು ಫೈಲು ಓದುವಷ್ಟರಲ್ಲಿ ಗುಟ್ಟು ಗೊತ್ತಾಯಿತು. ಮೊದಲು ಫೇರ್ ಕಾಪಿ ಬರೆದು, ಆಮೇಲೆ ಅದನ್ನೇ ನೋಡಿಕೊಂಡು ನಾಲ್ಕು ಸ್ಪೆಲಿಂಗ್ ಕೆಡಿಸಿ, ಎರಡು ಗೀಟು ಎಳೆದು 'ಮೊದಲ ಕರಡು' ತಯಾರಿಸಿದ್ದರು! ಅವರನ್ನು ಬೈದು ಫಲವಿರಲಿಲ್ಲ. ಮೂರು ಕರಡು ಕಡ್ಡಾಯ ಎಂದವನೂ ಅಚ್ಚುಕಟ್ಟಿಗೆ ಐದು ಅಂಕ ಎಂದವನೂ ನಾನೇ.

ಒಬ್ಬಳ ಫೈಲಿನಲ್ಲಿ ಮಾತ್ರ ಹಳೆಯ ಬಿಲ್ಲೊಂದು ಸಿಕ್ಕಿಕೊಂಡಿತ್ತು. ಅದರ ಹಿಂಬದಿಯಲ್ಲಿ ಅರ್ಧ ತೆಲುಗು, ಅರ್ಧ ಇಂಗ್ಲಿಷ್. ಫೇರ್ ಕಾಪಿಯಲ್ಲಿ 'ನನ್ನ ತಾಯಿ ಶ್ರಮಜೀವಿ, ನನಗೆ ಸ್ಫೂರ್ತಿ' ಎಂದಿತ್ತು. ಬಿಲ್ಲಿನ ಹಿಂದೆ ಇದ್ದದ್ದೇ ಬೇರೆ: ಅಮ್ಮ ರೈತು ಬಜಾರಿನಲ್ಲಿ ತೊಂಡೆಕಾಯಿ ತೂಗಿದ ಮೇಲೆ ಇನ್ನೊಂದು ಹಿಡಿ ಹಾಕುತ್ತಾಳೆ, ರಾತ್ರಿ ಮನೆಯಲ್ಲಿ ಆ ಹಿಡಿಗಳ ಲೆಕ್ಕ ಹಾಕುತ್ತಾಳೆ.

ಕರೆದು ತೋರಿಸಿದೆ. ಮುಖ ಕೆಂಪಾಯಿತು. "ಅದಿ ರಫ್ ಅಂಡಿ ಸಾರ್," ಎಂದು ಕೈಚಾಚಿದಳು, ಹರಿದುಹಾಕುವುದಕ್ಕೆ. "ಇದೇ ಲೇಖನವಮ್ಮಾ," ಎಂದೆ. ನಂಬಲಿಲ್ಲ.

ಈ ನಾಚಿಕೆ ಹಳೆಯದು. ಪೆಂಡುರ್ತಿಯಿಂದ ವಿಜಯನಗರಂ ದೂರವಿಲ್ಲ. ನಮ್ಮ ಹಂಪಿಯ ವಿಜಯನಗರವಲ್ಲ, 'ಕನ್ಯಾಶುಲ್ಕಂ' ಬರೆದ ಗುರಜಾಡ ಅಪ್ಪಾರಾವ್ ಅವರ ಊರು. ವಿದ್ಯಾರ್ಥಿಗಳು ತೆಲುಗು ಪ್ರಬಂಧವನ್ನು ಗ್ರಾಂಥಿಕ ಭಾಷೆಯಲ್ಲಿ ಬರೆಯಬೇಕೋ ಆಡುವ ಭಾಷೆಯಲ್ಲೋ ಎಂಬ ಜಗಳ ಆಗ ಮದರಾಸು ವಿಶ್ವವಿದ್ಯಾಲಯದವರೆಗೂ ಹೋಗಿತ್ತು. ಅದಕ್ಕಾಗಿ ನೇಮಿಸಿದ ಸಮಿತಿಯ ವರದಿಗೆ ಗುರಜಾಡ 1914ರಲ್ಲಿ ದೀರ್ಘ ಭಿನ್ನಮತದ ಟಿಪ್ಪಣಿ ಬರೆದು, ಜೀವಂತ ಭಾಷೆಯ ಪರ ನಿಂತರು. ಮರುವರ್ಷವೇ ತೀರಿಕೊಂಡರು. ಅದೇ ಹೋರಾಟ ನಡೆಸಿದ ಗಿಡುಗು ರಾಮಮೂರ್ತಿಯವರ ಹುಟ್ಟುಹಬ್ಬ, ಆಗಸ್ಟ್ 29, ಇಂದು ತೆಲುಗು ಭಾಷಾ ದಿನ. ದಿನಾಚರಣೆ ಬಂತು, ಆದರೆ ಮಕ್ಕಳ ಮನಸ್ಸಿನಲ್ಲಿ 'ಬರೆಯುವ ಭಾಷೆ' ಇನ್ನೂ ಗೈಡಿನದೇ.

ಪೋರ್ಟ್‌ಫೋಲಿಯೊ ಕೂಡ ಇಂಥದೇ ಅಸಮಾಧಾನದಿಂದ ಬಂದದ್ದು. 1980ರ ದಶಕದಲ್ಲಿ ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಎಲ್ಬೋ ಮತ್ತು ಪ್ಯಾಟ್ ಬೆಲನಾಫ್ ಬರವಣಿಗೆಯ ಪರೀಕ್ಷೆಯ ಜಾಗದಲ್ಲಿ ಇದನ್ನು ತಂದರು. ಒಂದೇ ಕೂತದಲ್ಲಿ, ತಿದ್ದುವ ಅವಕಾಶವಿಲ್ಲದೆ ಬರೆದದ್ದರಿಂದ ಬರವಣಿಗೆ ಅಳೆಯಲಾಗದು ಎಂಬುದು ಅವರ ವಾದ.

ನಾನು ನಿಯಮ ಬದಲಿಸಿದೆ. ಅಚ್ಚುಕಟ್ಟಿನ ಅಂಕ ತೆಗೆದೆ. ಕರಡು ಎಷ್ಟಾದರೂ ಇರಲಿ, ಯಾವ ಭಾಷೆಯಲ್ಲಾದರೂ ಇರಲಿ, ತಾರೀಖು ಹಾಕಿ ಎಂದೆ. ಅಂಕದ ದೊಡ್ಡ ಪಾಲು ಪತ್ರಕ್ಕೆ.

ಆ ಹುಡುಗಿ ಫೈಲು ಹಿಂದೆ ಪಡೆದು, ಎರಡು ವಾರದ ಮೇಲೆ ಕೊಟ್ಟಳು. ಬಿಲ್ಲು ಒಳಗೇ ಇತ್ತು. ಪತ್ರದಲ್ಲಿ ಬರೆದಿದ್ದಳು: 'ಸ್ಫೂರ್ತಿ ಎಂಬ ಪದ ತೆಗೆದೆ. ಅಮ್ಮನಿಗೆ ಓದಿ ಹೇಳಿದಾಗ ಅವಳಿಗೆ ಆ ಭಾಗ ಗುರುತಾಗಲಿಲ್ಲ.' ವ್ಯಾಕರಣ ಇನ್ನೂ ತಪ್ಪಿತ್ತು. ಅದನ್ನು ತಿದ್ದುವುದು ಸುಲಭ.

ಹೊರರಾಜ್ಯದಲ್ಲಿ, ಹೊರದೇಶದಲ್ಲಿ ನಿಮ್ಮ ಮಕ್ಕಳೂ ಒಂದಲ್ಲ ಒಂದು ದಿನ ಇಂಥ ಫೈಲು ತಯಾರಿಸುತ್ತಾರೆ. ಕೊನೆಯ ರಾತ್ರಿ ಕೂತು ಅವರ ಇಂಗ್ಲಿಷ್ ನಯಗೊಳಿಸಬೇಡಿ. ಮೊದಲ ದಿನದಿಂದ ಒಂದು ರಟ್ಟಿನ ಡಬ್ಬಿ ಇಟ್ಟು, ಗೀಚಿದ ಪ್ರತಿ ಹಾಳೆಯನ್ನೂ ಅದರಲ್ಲಿ ಹಾಕಿಸಿ. ನಡುವೆ ಕನ್ನಡದ ಸಾಲು ನುಸುಳಿದ್ದರೆ ಅದನ್ನೂ ಹೊಡೆದುಹಾಕದಿರಲಿ. ಹೇಳಬೇಕಾದದ್ದು ಬಹುಶಃ ಅಲ್ಲೇ ಇರುತ್ತದೆ.