ವ್ಯಸನ ತಡೆ: ಪೊಲೀಸರಿಗಷ್ಟೇ ಬಿಟ್ಟ ಹೊಣೆಯಲ್ಲ

ಬೆಳಗಾವಿ: ಖಾನಾಪುರ ತಾಲ್ಲೂಕಿನ ಹಳ್ಳಿಗಳಿಂದ ಕಾಲೇಜು ಕಲಿಯಲು ಬೆಳಗಾವಿ ನಗರಕ್ಕೆ ಬರುವ ಮಕ್ಕಳಲ್ಲಿ ಹಲವರು ಹಾಸ್ಟೆಲ್ ಇಲ್ಲವೇ ಬಾಡಿಗೆ ಕೋಣೆಗಳಲ್ಲಿ ಉಳಿಯುತ್ತಾರೆ. ಪಾಲಕರ ಕಣ್ಗಾವಲು ತಪ್ಪುವ ಈ ವಯಸ್ಸಿನಲ್ಲಿಯೇ ತಂಬಾಕು, ಮದ್ಯ, ಗಾಂಜಾಗಳ ಮೊದಲ ಪರಿಚಯವಾಗುವ ಅಪಾಯ ಹೆಚ್ಚು.

ಖಾನಾಪುರ ಗಡಿ ತಾಲ್ಲೂಕು. ನೆರೆಯ ಗೋವಾದಲ್ಲಿ ಮದ್ಯ ಅಗ್ಗ. ಚೋರ್ಲಾ ಮಾರ್ಗದ ಕಣಕುಂಬಿ ತನಿಖಾ ಠಾಣೆಯಲ್ಲಿ ಅಕ್ರಮ ಮದ್ಯ ಸಿಕ್ಕಿಬೀಳುವುದು ಹೊಸತೇನಲ್ಲ. ಆದರೆ ತನಿಖಾ ಠಾಣೆ ಸರಕನ್ನು ತಡೆಯಬಲ್ಲದೇ ಹೊರತು ಚಟವನ್ನಲ್ಲ.

ಕಾನೂನೇನೋ ಕಠಿಣವಾಗಿದೆ. ಮಕ್ಕಳಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ನೀಡಿದವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ 7 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ರಾಜ್ಯದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಆದರೆ ಯಾವ ಅಂಗಡಿಯಲ್ಲಿ ಏನು ನಡೆಯುತ್ತಿದೆ ಎಂಬುದು ಮೊದಲು ತಿಳಿಯುವುದು ಓಣಿಯ ಜನರಿಗೆ. ಕೇಂದ್ರ ಸರ್ಕಾರದ 2019ರ ಸಮೀಕ್ಷಾ ವರದಿಯಂತೆ ಅಂಟು, ವೈಟ್ನರ್‌ನಂತಹ ವಸ್ತುಗಳ ವಾಸನೆ ಹೀರುವ ಚಟ ವಯಸ್ಕರಲ್ಲಿ ಶೇ 0.58ರಷ್ಟಿದ್ದರೆ, ಮಕ್ಕಳಲ್ಲಿ ಶೇ 1.17ರಷ್ಟಿದೆ. ನಿತ್ಯಬಳಕೆಯ ಇಂಥ ವಸ್ತುಗಳ ವಿಷಯದಲ್ಲಿ ಪೊಲೀಸರಿಗಿಂತ ಮೊದಲು ಎಚ್ಚರಗೊಳ್ಳಬೇಕಾದವರು ಅಂಗಡಿಕಾರರು ಮತ್ತು ಶಿಕ್ಷಕರು.

ಸಮುದಾಯದ ಪ್ರಯತ್ನ ಈ ನಾಡಿಗೆ ಹೊಸದಲ್ಲ. ಇಳಕಲ್‌ನ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು, ಜನರಿಂದ ದುಶ್ಚಟಗಳ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಹಯೋಗದಲ್ಲಿ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಕುಡಿತ ಬಿಟ್ಟವರು ಮತ್ತೆ ಜಾರದಂತೆ ನವಜೀವನ ಸಮಿತಿಗಳು ಜೊತೆಗಿರುತ್ತವೆ.

ಇವು ಚಟಕ್ಕೆ ಬಿದ್ದವರನ್ನು ಮೇಲೆತ್ತುವ ಕೆಲಸ. ಬೀಳದಂತೆ ತಡೆಯುವುದಕ್ಕೆ ಐಸ್‌ಲ್ಯಾಂಡ್ ಉದಾಹರಣೆ. ಅಲ್ಲಿ ಪಾಲಕರು, ಶಾಲೆ ಮತ್ತು ಸ್ಥಳೀಯ ಆಡಳಿತ ಕೈಜೋಡಿಸಿ ಮಕ್ಕಳ ಸಂಜೆಯನ್ನು ಆಟ, ಸಂಗೀತಗಳಿಂದ ತುಂಬಿದವು. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದ 15-16ರ ವಯೋಮಾನದವರ ಪ್ರಮಾಣ 1998ರಲ್ಲಿ ಶೇ 42ರಷ್ಟಿದ್ದುದು 2016ರ ವೇಳೆಗೆ ಶೇ 5ಕ್ಕೆ ಇಳಿಯಿತು.

ಬೆಳಗಾವಿ-ಖಾನಾಪುರಗಳಲ್ಲಿ ಇದಕ್ಕೆ ಬೇಕಾದ ಕೈಗಳು ಈಗಾಗಲೇ ಇವೆ: ಶಾಲಾಭಿವೃದ್ಧಿ ಸಮಿತಿಗಳು, ಮಹಿಳಾ ಸ್ವಸಹಾಯ ಸಂಘಗಳು, ಆಶಾ ಕಾರ್ಯಕರ್ತೆಯರು, ಗಣೇಶೋತ್ಸವ ಮಂಡಳಗಳು, ಕುಸ್ತಿಯ ತಾಲೀಮುಗಳು. ಇವು ಒಂದೆಡೆ ಕುಳಿತು ಕೆಲಸ ಹಂಚಿಕೊಳ್ಳಬೇಕು. ಗಡಿಭಾಗವಾದ್ದರಿಂದ ಜಾಗೃತಿಯ ಮಾತು ಕನ್ನಡ, ಮರಾಠಿ ಎರಡರಲ್ಲೂ ತಲುಪಬೇಕು. ಹೆದರಿಸುವ ಭಾಷಣಕ್ಕಿಂತ, ಗೆಳೆಯರ ಒತ್ತಾಯಕ್ಕೆ 'ಬೇಡ' ಎನ್ನುವ ಧೈರ್ಯ ಕಲಿಸುವುದು ಹೆಚ್ಚು ಫಲಕಾರಿ.

ಮಗನ ಮೇಲೆ ಪ್ರಕರಣ ದಾಖಲಾದೀತೆಂದು ಅಂಜಿ ಎಷ್ಟೋ ಪಾಲಕರು ಚಟವನ್ನು ಮುಚ್ಚಿಡುತ್ತಾರೆ. ಮಾದಕ ವಸ್ತು ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಲಹೆಗೆ ಟೆಲಿ-ಮನಸ್ 14416 ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದು.